ಕುಡಿಯದವನ ಸಂಚು

ಅಂಜನಕುಮಾರ ತನ್ನ ನಲವತ್ತೊಂದು ವರ್ಷಗಳ ಬದುಕಿನಲ್ಲಿ ಒಂದು ತೊಟ್ಟು ಮದ್ಯವನ್ನೂ ಮುಟ್ಟಿರಲಿಲ್ಲ. ಅದಕ್ಕಾಗಿ ಯಾರೂ ಅವನಿಗೆ ಶಾಲು ಹೊದಿಸಿರಲಿಲ್ಲ.

ಅವನ ಅಣ್ಣ ಸಿದ್ದೇಶ್ ಇಪ್ಪತ್ತು ವರ್ಷ ಕುಡಿದಿದ್ದ. ಬೆಳಗ್ಗೆ ಕುಡಿದಿದ್ದ, ಸಂಜೆ ಕುಡಿದಿದ್ದ, ತಮ್ಮನಿಗೆ ಹೆಣ್ಣು ಕೊಡಲು ಬಂದವರ ಎದುರಿಗೆ ಶಾಮನೂರಿನ ಮನೆಯ ಜಗುಲಿಯ ಮೇಲೆ ಮೂರು ಸಲ ಕುಡಿದು ಬಿದ್ದಿದ್ದ. ಆ ಮೂರೂ ಸಂಬಂಧಗಳು ಅಲ್ಲಿಗೇ ನಿಂತಿದ್ದವು. ಹಾಗಿದ್ದವನು ಹನ್ನೊಂದು ತಿಂಗಳ ಹಿಂದೆ ಹರಿಹರದ ‘ಮರುದಾರಿ’ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿ, ಮೂರು ತಿಂಗಳು ಅಲ್ಲೇ ಇದ್ದು, ಕುಡಿತ ಬಿಟ್ಟು ಬಂದ. ಅಂದಿನಿಂದ ಮನೆಯಲ್ಲಿ ಪ್ರತಿ ತಿಂಗಳ ಹದಿನೇಳಕ್ಕೆ ಹೋಳಿಗೆ. ಬೀದಿಯವರು ಸಿದ್ದೇಶನನ್ನು ನಿಲ್ಲಿಸಿ ಕೈ ಕುಲುಕುತ್ತಿದ್ದರು. ಪಕ್ಕದಲ್ಲೇ ನಿಂತ ಅಂಜನಕುಮಾರನ ಕೈಯಲ್ಲಿ ಅವರ ಚೀಲವೋ ಛತ್ರಿಯೋ ಇರುತ್ತಿತ್ತು.

ಇಷ್ಟನ್ನೂ ಅವನು ಸಹಿಸಿದ್ದ. ಸಹಿಸಲಾಗದ ಮಾತು ಒಂದು ಸಂಜೆ ತಾಯಿ ಓಬವ್ವನ ಬಾಯಿಂದ ಬಂತು.

“ಬರೋ ಹದಿನೇಳಕ್ಕೆ ನಿಮ್ಮಣ್ಣಂಗೆ ವರ್ಷ ತುಂಬತೈತೆ. ಅವತ್ತು ಪದಕ ತಗಂಡ್ ಬಂದ್ರೆ ಭಟ್ಟಿ ಅವನ ಹೆಸರಿಗೆ ಮಾಡ್ತೀನಿ.”

ಭಟ್ಟಿಯೆಂದರೆ ತಂದೆ ಬಿಟ್ಟುಹೋದ ಮಂಡಕ್ಕಿ ಭಟ್ಟಿ. ಹದಿನೈದು ವರ್ಷದಿಂದ ಅದರ ಕಾದ ಮರಳಿನ ಮುಂದೆ ಬೆವರು ಸುರಿಸಿದವನು ಅಂಜನಕುಮಾರ. ಅವನಿಗೆ ಹೆಂಡತಿಯಿರಲಿಲ್ಲ, ಮಕ್ಕಳಿರಲಿಲ್ಲ, ಭಟ್ಟಿ ಇತ್ತು.

“ಮತ್ತೆ ನಾನು?”

“ನಿನಗೇನಪ್ಪ, ನೀನು ಹೆಂಗಿದ್ರೂ ಇರ್ತೀಯ. ಅವನಿಗೊಂದು ಆಸರೆ ಬೇಕು. ಜವಾಬ್ದಾರಿ ಕೊಡ್ರಿ ಅಂತ ಕೇಂದ್ರದ ಮೇಡಂ ಹೇಳ್ಯಾರೆ.”

“ಪದಕ ತಪ್ಪಿದ್ರೆ?”

“ತಪ್ಪಿದ್ರೆ ಮತ್ತೆ ಒಂದ್ರಿಂದ ಎಣಿಸ್ಬೇಕು. ಆಗ ಭಟ್ಟಿ ನಿನ್ ತಾವೇ ಇರ್ಲಿ. ಯಾಕ ಕೆಟ್ಟ ಮಾತಾಡ್ತೀಯ, ಬಿಡು.”

ಅಂಜನಕುಮಾರ ಬಿಡಲಿಲ್ಲ. ಆ ರಾತ್ರಿಯೂಟ ಮುಗಿಯುವಷ್ಟರಲ್ಲಿ ಅವನ ಮನಸ್ಸಿನಲ್ಲಿ ಅಪರಾಧದ ನಕ್ಷೆ ಸಿದ್ಧವಾಗಿತ್ತು. ಅದರಲ್ಲಿ ರಕ್ತವಿರಲಿಲ್ಲ, ಆಯುಧವಿರಲಿಲ್ಲ. ಒಂದು ಲೋಟ ಕಷಾಯ ಸಾಕಿತ್ತು.

ಕೇಂದ್ರದ ಕ್ರಮ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕುಡಿತ ಇಡೀ ಮನೆಗೆ ತಗುಲುವ ಕಾಯಿಲೆ ಎಂಬುದು ಅಲ್ಲಿಯ ಆಪ್ತಸಮಾಲೋಚಕಿ ಪುಷ್ಪಲತಾ ಅವರ ಸಿದ್ಧಾಂತ. ಹಾಗಾಗಿ ತಿಂಗಳಿಗೊಂದು ಭಾನುವಾರ ಮನೆಯವರೂ ಬಂದು ವೃತ್ತಾಕಾರದಲ್ಲಿ ಕೂತು ತಮ್ಮ ನೋವು ಹೇಳಿಕೊಳ್ಳಬೇಕಿತ್ತು. ಅಂಜನಕುಮಾರನ ಸರದಿ ಬರುವ ಹೊತ್ತಿಗೆ ಪ್ರತಿ ಸಲವೂ ಊಟದ ಗಂಟೆ ಹೊಡೆಯುತ್ತಿತ್ತು. ಆದರೆ ಸಭೆಯ ಮೊದಲು ನಡೆಯುವ ಪರೀಕ್ಷೆಯನ್ನು ಅವನು ತಪ್ಪದೆ ನೋಡಿದ್ದ. ಕುಡಿತ ಬಿಟ್ಟವರು ಒಂದು ಪುಟ್ಟ ಯಂತ್ರಕ್ಕೆ ಊದಬೇಕು. ಉಸಿರಿನಲ್ಲಿ ಮದ್ಯವಿದ್ದರೆ ಅದು ಕೆಂಪಾಗಿ ಕೂಗುತ್ತದೆ. ಕೇಂದ್ರದಲ್ಲಿ ಅದರ ಹೆಸರು ‘ಪೀಪಿ’. ಅದನ್ನು ಕಾಯುವವನು ಉಚ್ಚಂಗೆಪ್ಪ. ಸ್ವತಃ ಆರು ವರ್ಷದ ಹಿಂದೆ ಕುಡಿತ ಬಿಟ್ಟವನು, ಪೀಪಿಯನ್ನು ದೇವರ ಬೆಳ್ಳಿ ಸಾಮಾನಿನಂತೆ ಮಡಿ ವಸ್ತ್ರದಲ್ಲಿ ಸುತ್ತಿಡುತ್ತಿದ್ದ. ವರ್ಷ ತುಂಬಿದವರು ವೇದಿಕೆಯ ಮೇಲೆ, ಎಲ್ಲರೆದುರು ಊದಬೇಕು. ಆಮೇಲೆ ಪದಕ.

ಅಂದಮೇಲೆ ಸಿದ್ದೇಶ್ ವೇದಿಕೆಯ ಮೇಲೆ ಊದುವ ಹೊತ್ತಿಗೆ ಅವನಿಗೇ ತಿಳಿಯದೆ ಅವನ ಹೊಟ್ಟೆಯಲ್ಲಿ ಮದ್ಯವಿರಬೇಕು. ಉಳಿದದ್ದನ್ನು ಪೀಪಿ ನೋಡಿಕೊಳ್ಳುತ್ತದೆ.

ಮೊದಲ ತೊಡಕು ಖರೀದಿ. ಗುರುತಿನವರು ಕಂಡಾರೆಂದು ಅವನು ಊರಾಚೆ ಹೆದ್ದಾರಿಯ ಪಕ್ಕದ ವೈನ್ ಶಾಪಿಗೆ ಹೋದ. ತಲೆಯ ಹೆಲ್ಮೆಟ್ ತೆಗೆಯಲಿಲ್ಲ.

“ಏನ್ ಕೊಡ್ಲಿ ಸಾರ್?” ಎಂದ ಅಂಗಡಿಯವನು.

“ಕುಡಿದ್ರೆ ಗೊತ್ತಾಗಬಾರ್ದು, ಅಂಥದ್ದು ಏನಾದ್ರೂ.”

“ಮನಿಯವ್ರಿಗೆ ಗೊತ್ತಾಗಬಾರ್ದಾ, ಕುಡಿದೋರಿಗೆ ಗೊತ್ತಾಗಬಾರ್ದಾ?”

“ಇಬ್ರಿಗೂ.”

ಅಂಗಡಿಯವನು ಒಂದು ಕ್ಷಣ ಹೆಲ್ಮೆಟ್ಟಿನ ಒಳಗೆ ಇಣುಕಿ ನೋಡಿದ. “ವೋಡ್ಕಾ ತಗಳ್ರಿ. ನೀರಿನಂಗೆ ಇರತೈತೆ, ವಾಸನಿ ಇರಲ್ಲ. ಕ್ವಾರ್ಟರ್ ಸಾಕಾ? ಮೊದಲ ಸಲ ಏನ್ರಿ? ಹೆದರ್ಬ್ಯಾಡ್ರಿ, ಎಲ್ರೂ ಒಂದಿನ ಮೊದಲ ಸಲನೇ ಬಂದಿರ್ತಾರೆ.”

ಎರಡನೆಯ ತೊಡಕು ಮದ್ಯವನ್ನು ಮರೆಮಾಚುವುದು. ಕುಡಿತ ಬಿಟ್ಟಂದಿನಿಂದ ಸಿದ್ದೇಶ್ ಬೆಳಗ್ಗೆ ತಪ್ಪದೆ ಶುಂಠಿ ಕಷಾಯ ಕುಡಿಯುತ್ತಿದ್ದ. ಅಂಜನಕುಮಾರ ಭಟ್ಟಿಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾಲ್ಕು ದಿನ ಪ್ರಯೋಗ ನಡೆಸಿದ. ಕುದಿಯುವಾಗ ಬೆರೆಸಿದರೆ ಸತ್ವ ಆವಿಯಾಗುತ್ತದೆಂದು ಓದಿಕೊಂಡಿದ್ದರಿಂದ, ಕಷಾಯ ಉಗುರುಬೆಚ್ಚಗಾದ ಮೇಲೆ ಬೆರೆಸಿದ. ಶುಂಠಿ ಎರಡು ಪಾಲು, ಮೆಣಸು ಒಂದು ಪಾಲು, ಬೆಲ್ಲ ಧಾರಾಳ. ಮೂಸಿ ನೋಡಿದ, ಚಮಚದಲ್ಲಿ ನಾಲಗೆಗೆ ಮುಟ್ಟಿಸಿ ನೋಡಿದ; ಶುಂಠಿಯಲ್ಲದೆ ಬೇರೇನೂ ತಿಳಿಯಲಿಲ್ಲ. ಇನ್ನೊಬ್ಬರ ಅಭಿಪ್ರಾಯವೂ ಬೇಕೆಂದು ಅರ್ಧ ಲೋಟವನ್ನು ತಾಯಿಗೆ ಕೊಟ್ಟ.

“ಶುಂಠಿ ಘಾಟು ಜಾಸ್ತಿ ಆಗೈತೆ,” ಎಂದಳು ಓಬವ್ವ. ಸ್ವಲ್ಪ ಹೊತ್ತಿನ ಮೇಲೆ ಲೋಟ ಚಾಚಿದಳು. “ಆದ್ರೂ ಮಂಡಿ ನೋವಿಗೆ ಹಿತ ಐತೆ. ಇನ್ನೊಂಚೂರು ಹಾಕು.”

ಪ್ರಯೋಗ ಯಶಸ್ವಿಯಾಯಿತು.

ಮೂರನೆಯ ತೊಡಕು ಸೂಕ್ಷ್ಮವಾದದ್ದು. ಕೇಂದ್ರದಲ್ಲಿ ಕಲಿಸಿದ ನಿಯಮಗಳಲ್ಲಿ ಒಂದನ್ನು ಸಿದ್ದೇಶ್ ಚಾಚೂ ತಪ್ಪದೆ ಪಾಲಿಸುತ್ತಿದ್ದ: ಕೊಟ್ಟವರು ತಾವು ಕುಡಿದು ತೋರಿಸದ ಹೊರತು ಯಾರ ಕೈಯ ಪಾನೀಯವನ್ನೂ ಕುಡಿಯಬಾರದು. ಮದುವೆ ಮನೆಯ ಪಾನಕಕ್ಕೂ ಇದೇ ನಿಯಮ, ಮಠದ ತೀರ್ಥಕ್ಕೂ ಇದೇ. ಅಂದರೆ ಅಂಜನಕುಮಾರ ಮೊದಲು ಕುಡಿಯಬೇಕಿತ್ತು, ಅದೂ ಅದೇ ಪಾತ್ರೆಯಿಂದ. ಅವನು ಎರಡು ದಿನ ಯೋಚಿಸಿದ. ಕೊನೆಗೆ ಇದರಲ್ಲಿ ಅಪಾಯಕ್ಕಿಂತ ಲಾಭವೇ ಹೆಚ್ಚೆಂದು ಕಂಡಿತು. ಒಂದೇ ಪಾತ್ರೆಯಿಂದ ಕುಡಿದವನ ಮೇಲೆ ಅನುಮಾನ ಬರುವುದಿಲ್ಲ. ಶಾಮನೂರಿನಿಂದ ವಿದ್ಯಾನಗರದವರೆಗೆ, ಭತ್ತ ತರುವ ಕುಕ್ಕುವಾಡದ ರೈತರವರೆಗೆ, ಕುಡಿಯದವನೆಂದು ಹೆಸರಾದವನ ಬಾಯಿಗೆ ಪೀಪಿ ಹಿಡಿಯುವವರಾದರೂ ಯಾರು?

ಹದಿನೇಳನೆಯ ತಾರೀಕು ಬೆಳಗ್ಗೆ ಎಂಟೂವರೆಗೆ ಅಂಜನಕುಮಾರ ಎರಡು ಸ್ಟೀಲ್ ಲೋಟಗಳಿಗೆ ಕಷಾಯ ಸುರಿದ.

“ಇವತ್ತು ನನ್ ಕೈಯಾಗಿನ ಕಷಾಯ ಕುಡಿಯಣ್ಣ. ದೊಡ್ಡ ದಿನ.”

ಬಿಳಿ ಅಂಗಿ ತೊಟ್ಟು ನಿಂತಿದ್ದ ಸಿದ್ದೇಶ್ ಲೋಟ ಹಿಡಿದು ಕಾದ. ಅಂಜನಕುಮಾರ ತನ್ನ ಪಾಲನ್ನು ಒಂದೇ ಗುಟುಕಿಗೆ ಇಳಿಸಿ, ಬರಿದಾದ ಲೋಟವನ್ನು ಬೋರಲು ಹಿಡಿದು ತೋರಿಸಿದ. ಸಿದ್ದೇಶ್ ಲೋಟವನ್ನು ಮುಖದ ಹತ್ತಿರ ತಂದ. ಅವನ ಕಣ್ಣಂಚು ಒದ್ದೆಯಾಯಿತು. ಮೆಣಸಿನ ಖಾರವೆಂದುಕೊಂಡ ಅಂಜನಕುಮಾರ.

“ಬಿಸಿ ಐತೆ. ಹಿತ್ತಲಾಗೆ ಆರಿಸ್ಕೊಂಡು ಕುಡಿತೀನಿ,” ಎಂದು ಸಿದ್ದೇಶ್ ಹೊರಗೆ ಹೋದ. ಎರಡು ನಿಮಿಷಕ್ಕೆ ಬರಿದಾದ ಲೋಟದೊಂದಿಗೆ ಮರಳಿ ಬಂದು, ತಮ್ಮನ ಭುಜವನ್ನು ಗಟ್ಟಿಯಾಗಿ ಅದುಮಿದ.

ಒಂಬತ್ತಕ್ಕೆ ಬಾಡಿಗೆ ಕಾರು ಹೊರಟಿತು. ಹರಿಹರದ ರಸ್ತೆ ಇಷ್ಟು ನುಣುಪಾಗಿದೆಯೆಂದು ಅಂಜನಕುಮಾರನಿಗೆ ಹಿಂದೆಂದೂ ಅನ್ನಿಸಿರಲಿಲ್ಲ. ಬೇವಿನ ಮರಗಳು ಸಾಲಾಗಿ ನಿಂತು ತನ್ನನ್ನೇ ಬೀಳ್ಕೊಡುತ್ತಿರುವಂತಿತ್ತು. ಗೆಲುವು ಮನುಷ್ಯನನ್ನು ಹೀಗೆ ಹಗುರಾಗಿಸುತ್ತದೆ ಎಂದುಕೊಂಡ. ಮುಂದಿನ ಸೀಟಿನಲ್ಲಿ ಸಿದ್ದೇಶ್ ತಲೆ ತಗ್ಗಿಸಿ ಮೊಬೈಲಿನಲ್ಲಿ ಏನೋ ಬರೆಯುತ್ತಿದ್ದ. ಪಾಪ, ವೇದಿಕೆಯ ಭಾಷಣವಿರಬೇಕು. ಅಣ್ಣನ ಮೇಲೆ ಥಟ್ಟನೆ ಎಲ್ಲಿಲ್ಲದ ಪ್ರೀತಿ ಉಕ್ಕಿ, ಅಂಜನಕುಮಾರ ಒಂದು ಹಾಡು ಗುನುಗತೊಡಗಿದ.

“ಇವನು ಹಾಡೋದನ್ನ ನಾನು ಕೇಳೇ ಇರ್ಲಿಲ್ಲ,” ಎಂದಳು ಓಬವ್ವ, ಚಾಲಕನಿಗೆ.

ಸಭಾಂಗಣದಲ್ಲಿ ನಲವತ್ತು ಜನ ಕೂತಿದ್ದರು. ಪುಷ್ಪಲತಾ ನಾಲ್ಕು ಮಾತಾಡಿ ಸಿದ್ದೇಶನನ್ನು ಕರೆದರು. ಉಚ್ಚಂಗೆಪ್ಪ ವಸ್ತ್ರ ಬಿಚ್ಚಿ ಪೀಪಿ ಚಾಚಿದ. ಅಂಜನಕುಮಾರ ಕುರ್ಚಿಯ ತುದಿಗೆ ಜರುಗಿದ. ಸಿದ್ದೇಶ್ ಎದೆ ತುಂಬ ಉಸಿರೆಳೆದು ದೀರ್ಘವಾಗಿ ಊದಿದ.

“ಸೊನ್ನೆ,” ಎಂದ ಉಚ್ಚಂಗೆಪ್ಪ.

ಚಪ್ಪಾಳೆ ಸೂರು ಮುಟ್ಟಿತು. ಸಂಜೆಯ ತನಕ ಮೌನವಾಗಿರಬೇಕೆಂಬುದು ಸಂಚಿನ ಮುಖ್ಯ ಷರತ್ತಾಗಿತ್ತು; ಆದರೆ ಷರತ್ತು ಹಾಕಿದಾಗ ಅಂಜನಕುಮಾರನ ಹೊಟ್ಟೆಯಲ್ಲಿ ವೋಡ್ಕಾ ಇರಲಿಲ್ಲ. ಈಗ ಅವನು ಎದ್ದು ನಿಂತಿದ್ದ.

“ಅದು ಕೆಟ್ಟೈತೆ!”

ಚಪ್ಪಾಳೆ ನಿಂತಿತು.

“ಯಾವ್ದು?” ಎಂದರು ಪುಷ್ಪಲತಾ.

“ಪೀಪಿ. ಸೊನ್ನೆ ಬರಾಕೆ ಸಾಧ್ಯನೇ ಇಲ್ಲ. ಇನ್ನೊಮ್ಮೆ ನೋಡ್ರಿ.”

“ಹೆಂಗೆ ಗೊತ್ತು ನಿಮಗೆ?”

ಅಂಜನಕುಮಾರ ಪೀಪಿಯತ್ತಲೇ ಬೆರಳು ಮಾಡಿದ. ಪೀಪಿಯ ಮೇಲೆ ಬಂದ ಆರೋಪ ಉಚ್ಚಂಗೆಪ್ಪನ ಎದೆಗೇ ನಾಟಿತ್ತು.

“ಆರು ವರ್ಷದಾಗೆ ಇದು ಒಂದು ಸುಳ್ಳು ಹೇಳಿಲ್ಲ ಕಣ್ರಿ. ಪರೀಕ್ಷೆ ಮಾಡಾನ ಬರ್ರಿ. ಹುಟ್ಟಿದಾಗಿಂದ ಕುಡಿಯದೋರು ಒಬ್ರು ಊದ್ಲಿ. ಅಂಥೋರು ಈ ಸಭಾದ ಗಂಡಸ್ರಾಗೆ ನೀವೊಬ್ರೇ.”

“ನಾನ್ಯಾಕ? ಬ್ಯಾಡ.”

“ಊದಪ್ಪ,” ಎಂದಳು ಓಬವ್ವ, ಹದಿನೈದು ವರ್ಷದಲ್ಲಿ ಮೊದಲ ಬಾರಿ ಕಿರಿಯ ಮಗನತ್ತ ಹೆಮ್ಮೆಯಿಂದ ನೋಡುತ್ತ. “ನನ್ ಸಣ್ಣ ಮಗ ಎಂಥೋನು ಅಂತ ಎಲ್ರೂ ನೋಡ್ಲಿ.”

ಆ ನೋಟ ಅವನನ್ನು ಸೋಲಿಸಿತು. ಒಂದು ಲೋಟ, ಎರಡು ಗಂಟೆಯ ಹಿಂದೆ, ಅದೂ ಕಷಾಯದಲ್ಲಿ. ಮೆಲ್ಲನೆ ಊದಿದರೆ ಏನೂ ಆಗದು ಎಂದು ಅವನ ತೇಲುವ ಬುದ್ಧಿ ಹೇಳಿತು. ಅವನು ಮೆಲ್ಲನೆ ಊದಿದ. ಪೀಪಿ ಕೆಂಪಗಾಗಿ, ತುಂಗಭದ್ರೆಯ ಆಚೆ ದಡಕ್ಕೂ ಕೇಳುವಂತೆ ಕೂಗಿತು.

ಪುಷ್ಪಲತಾ ವೇದಿಕೆಯಿಂದ ಇಳಿದು ಬಂದು ಅವನ ಎದುರು ಕುರ್ಚಿ ಎಳೆದು ಕೂತರು. “ಎಷ್ಟು ವರ್ಷದಿಂದ, ಅಂಜನಕುಮಾರ್?”

“ನಾನು ಕುಡಿಯಲ್ಲ.”

ಸಭೆಯ ನಲವತ್ತು ಎದೆಗಳಿಂದ ಒಂದೇ ನಿಟ್ಟುಸಿರು ಹೊರಟಿತು. ಮುಂದಿನ ಸಾಲಿನ ಮುದುಕನೊಬ್ಬ ಕಣ್ಣೊರೆಸಿಕೊಂಡ. “ನಾನೂ ಇದನ್ನೇ ಅಂದಿದ್ದೆ,” ಎಂದ. “ಇದೇ ಮಾತು. ಇದೇ ಮುಖ.”

“ನಿಜವಾಗ್ಲೂ ಕುಡಿಯಲ್ಲ ಕಣ್ರಿ!”

“ಈ ಮಾತೂ ಅಂದಿದ್ದೆ.”

ಓಬವ್ವ ಬಂದು ಅವನ ತಲೆಯನ್ನು ಎದೆಗೊತ್ತಿಕೊಂಡಳು. “ನನ್ ಕೂಸೇ, ಯಾಕ ಹೇಳ್ಲಿಲ್ಲ? ಭಟ್ಟಿ ಚಿಂತಿ ಬಿಡು. ನಿಮ್ಮಣ್ಣ ನೋಡ್ಕೊಂತಾನ.”

ಆಗಲೇ ಹೆಸರು ತುಂಬಿದ್ದ ಒಂದು ಅರ್ಜಿ ಅವನ ಮುಂದೆ ಬಂತು: ತೊಂಬತ್ತು ದಿನಗಳ ಒಳರೋಗಿ ಚಿಕಿತ್ಸೆ, ಸ್ವಇಚ್ಛೆಯಿಂದ. ಇಲ್ಲವೆನ್ನಲು ಒಂದೇ ದಾರಿಯಿತ್ತು, ನಿಜ ಹೇಳುವುದು. ವರ್ಷವೆಲ್ಲ ಹೋರಾಡಿದ ಅಣ್ಣನ ಲೋಟಕ್ಕೆ ಮದ್ಯ ಬೆರೆಸಿದವನು ತಾನೆಂದು ಇದೇ ತಾಯಿಯ, ಇದೇ ನಲವತ್ತು ಜನರ ಎದುರು ಒಪ್ಪುವುದು. ಅವನು ಬಾಯಿ ತೆರೆದ. “ಕಷಾಯದಾಗೆ...”

“ಗೊತ್ತು, ಸುಮ್ನಿರು,” ಎಂದು ಸಿದ್ದೇಶ್ ಅವನ ಕಿವಿಯ ಹತ್ತಿರ ಬಾಗಿ ಪೆನ್ನು ಕೊಟ್ಟ. “ನೀನು ಕದ್ದು ಕುಡಿಯೋದು ತಪ್ಪಿ ನನ್ ಲೋಟಕ್ಕೂ ಬಂದುಬಿಟ್ಟಿತ್ತು. ಕರಿಬೇವಿನ ಬುಡಕ್ಕೆ ಸುರಿದೆ. ಕಾರಿನಾಗಿಂದನೇ ಮೇಡಂಗೆ ಬರೆದೆ, ನನ್ ಹಳೇ ಮಂಚನೇ ನಿನಗೆ ತೆಗೆದಿಟ್ಟಾರೆ.” ಅಂಜನಕುಮಾರ ಪೆನ್ನನ್ನೂ ಅಣ್ಣನ ಮುಖವನ್ನೂ ನೋಡಿದ. ಅಳತೆ ಸರಿಯಿತ್ತು, ಸಮಯ ಸರಿಯಿತ್ತು, ಶುಂಠಿ ಸರಿಯಿತ್ತು. ಮದ್ಯವನ್ನೇ ಅರಿಯದ ಅವನು ತನ್ನ ಮೂಗಿನಿಂದ ಮೂಸಿ ನೋಡಿದ್ದ, ತಾಯಿಯ ನಾಲಗೆಯಿಂದ ರುಚಿ ನೋಡಿದ್ದ. ಆದರೆ ಕುಡಿಯಬೇಕಾಗಿದ್ದವನು ಇಪ್ಪತ್ತು ವರ್ಷ ಕುಡಿದವನು, ಮುಚ್ಚಿದ ಸೀಸೆಯನ್ನೂ ಗೋಡೆಯಾಚೆಯಿಂದ ಗುರುತಿಸಬಲ್ಲವನು ಎಂಬ ಒಂದು ಸಂಗತಿ ಮಾತ್ರ ಅವನಿಗೆ ಹೊಳೆದೇ ಇರಲಿಲ್ಲ.