ಇಪ್ಪತ್ತಮೂರಕ್ಕೆ ಏಳು

ಮೂವತ್ತನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದ ಬೋರಯ್ಯನಿಗೆ ಒಬ್ಬ ಮನುಷ್ಯನನ್ನು ಕೊಲ್ಲಬೇಕೆನಿಸಿದ್ದು ಒಂದು ಅಚ್ಚಿನ ಹಾಳೆ ನೋಡಿ. ಚಳ್ಳಕೆರೆಯ ನವಜ್ಯೋತಿ ಕ್ರಿಕೆಟ್ ಕ್ಲಬ್ಬಿಗೆ ಐವತ್ತು ತುಂಬುತ್ತಿತ್ತು. ಕಾರ್ಯದರ್ಶಿ ಮರುಳಪ್ಪ ಮೇಷ್ಟ್ರು ಕ್ಲಬ್ಬಿನ ಇತಿಹಾಸ ಬರೆದು ಸ್ಮರಣ ಸಂಚಿಕೆ ಅಚ್ಚು ಹಾಕಿಸುತ್ತಿದ್ದರು. ಹಳೆಯ ಫೋಟೋಗಳಲ್ಲಿ ಯಾರು ಯಾರೆಂದು ಗುರುತು ಹಿಡಿಯಲು ಬೋರಯ್ಯನನ್ನು ಮನೆಗೆ ಕರೆಸಿದ್ದರು. ಮೇಷ್ಟ್ರು ಕನ್ನಡಕ ತರಲು ಒಳಗೆ ಹೋದಾಗ ಅವನು ಮೇಜಿನ ಮೇಲಿದ್ದ ಹಾಳೆಯನ್ನು ಓದಿದ. ‘೧೯೯೧ರ ಫೈನಲ್ಲಿನಲ್ಲಿ ಮೊಳಕಾಲ್ಮುರು ತಂಡದ ವಿರುದ್ಧ ನಮ್ಮ ಮುರುಗೇಂದ್ರಪ್ಪನವರು ಇಪ್ಪತ್ತಮೂರು ರನ್ನಿಗೆ ಏಳು ವಿಕೆಟ್ ಕಿತ್ತು ಕ್ಲಬ್ಬಿಗೆ ಮೊದಲ ಕಪ್ ತಂದುಕೊಟ್ಟರು’ ಎಂದಿತ್ತು.

ಆ ಏಳೂ ಬೋರಯ್ಯನವು.

ಅವನು ನವಜ್ಯೋತಿಯ ಆಟಗಾರನಾಗಿರಲಿಲ್ಲ. ನನ್ನಿವಾಳದಲ್ಲಿ ಕುರಿ ಕಾಯುವುದನ್ನು ಬಿಟ್ಟು ಬಂದು ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ನಿಂತಿದ್ದ. ನೀರು ಹಾಕುವುದು, ರೋಲರ್ ಎಳೆಯುವುದು, ತೆಂಗಿನ ನಾರಿನ ಮ್ಯಾಟ್ ಹಾಸಿ ಮೊಳೆ ಹೊಡೆಯುವುದು, ಸಂಜೆ ಸಾವ್ಕಾರರ ಮಕ್ಕಳಿಗೆ ಬ್ಯಾಟಿಂಗ್ ಕೈ ಕುದುರಲಿ ಎಂದು ಬೌಲಿಂಗ್ ಹಾಕುವುದು, ಇಷ್ಟೇ ಅವನ ಪಾಲು. ಹಾಕಿ ಹಾಕಿ ಕೈ ಪಳಗಿ, ಚೆಂಡು ಹೇಳಿದ ಮಾತು ಕೇಳುತ್ತಿತ್ತು. ಫೈನಲ್ಲಿನ ಬೆಳಿಗ್ಗೆ ಮುರುಗೇಂದ್ರಪ್ಪನಿಗೆ ಚಳಿಜ್ವರ ಬಂತು. ಹೆಸರಿನ ಪಟ್ಟಿ ಆಗಲೇ ಹೋಗಿತ್ತು, ಹೊಸಬರನ್ನು ಸೇರಿಸುವಂತಿರಲಿಲ್ಲ. ಇಬ್ಬರದೂ ಒಂದೇ ಎತ್ತರ, ಒಂದೇ ಮೈಕಟ್ಟು. ಆಗಿನ ಕ್ಯಾಪ್ಟನ್ ಉಗ್ರಪ್ಪ ಜ್ವರದವನ ಅಂಗಿ ಬಿಚ್ಚಿಸಿ ಬೋರಯ್ಯನಿಗೆ ತೊಡಿಸಿ, ಟೋಪಿಯನ್ನು ಹಣೆಯವರೆಗೂ ಎಳೆದು, ಮೊಳಕಾಲ್ಮುರಿನ ಮೈದಾನಕ್ಕೆ ಇಳಿಸಿದ. ಬೋರಯ್ಯ ಇಳಿದ, ಕಿತ್ತ, ಬಂದ. ಅಂಗಿ ವಾಪಸ್ಸು ಕೊಟ್ಟ. ಅಂಗಿಯ ಜೊತೆ ಏಳು ವಿಕೆಟ್ಟೂ ಹೋದವು.

ಅಂದು ಸ್ಕೋರ್ ಬರೆದವರು ಇದೇ ಮೇಷ್ಟ್ರು.

“ಮೇಷ್ಟ್ರೆ, ಇವು ಯಾರ ವಿಕೆಟ್ಟು ಅಂತ ನಿಮಗ್ ಗೊತ್ತೈತಲ್ಲ” ಎಂದ ಬೋರಯ್ಯ.

ಮೇಷ್ಟ್ರು ಕನ್ನಡಕ ಒರೆಸುತ್ತಾ ಕೂತರು. “ಗೊತ್ತೈತೆ ಕಣಪ್ಪ. ಆದ್ರೆ ಸ್ಕೋರ್ ಪುಸ್ತಕದಾಗೆ ಏನೈತೋ ಅದೇ ಇತಿಹಾಸ. ಬೇರೆ ಬರೆದ್ರೆ ಮೋಸದಾಗೆ ಗೆದ್ರು ಅಂತ ಮೊಳಕಾಲ್ಮುರಿನೋರು ಮುಖಕ್ಕೆ ಉಗೀತಾರೆ.”

“ಹಂಗಾದ್ರೆ ನನ್ನ ಹೆಸರು ಎಲ್ಲೈತೆ?”

“ಕೊನೇ ಪುಟದಾಗೆ ಹಾಕ್ಸಿದೀನಿ. ಮೈದಾನದ ಸಿಬ್ಬಂದಿ ಅಂತ.”

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಳ್ಳುವುದು ಲೋಕರೂಢಿ. ಆದರೆ ಗೆದ್ದಲಿನ ಹೆಸರನ್ನು ಹಾವಿನ ಮನೆಯ ಕೊನೇ ಪುಟದಲ್ಲಿ ಸಿಬ್ಬಂದಿಯೆಂದು ಅಚ್ಚು ಹಾಕಿಸುವವರು ಮೇಷ್ಟ್ರೊಬ್ಬರೇ ಇರಬೇಕು. ಮುರುಗೇಂದ್ರಪ್ಪ ಈಗ ಊರಿನ ದೊಡ್ಡ ಎಣ್ಣೆ ಮಿಲ್ಲಿನ ಯಜಮಾನ. ಹೋಟೆಲಿಗೆ ಹೋದರೆ ‘ಏಳು ವಿಕೆಟ್ ಸಾವ್ಕಾರ್ರು ಬಂದ್ರು’ ಎಂದು ಕುರ್ಚಿ ಎಳೆದು ಕೊಡುತ್ತಿದ್ದರು. ಏಳನೆಯದು ಹೇಗೆ ಬಿತ್ತೆಂದು ಯಾರಾದರೂ ಕೇಳಿದರೆ ಅವನು ತಲೆ ತಗ್ಗಿಸಿ, “ಹಂಗೇ ಬಿತ್ತು ಬಿಡ್ರಪ್ಪ” ಎನ್ನುತ್ತಿದ್ದ. ಅದನ್ನು ಜನ ವಿನಯವೆಂದು ಹೊಗಳುತ್ತಿದ್ದರು. ಬೋರಯ್ಯ ಮನೆಯಲ್ಲಿ ಮಾತ್ರ ಬಾಯಿ ಬಿಟ್ಟಿದ್ದ, ಅದನ್ನು ಸ್ವಂತ ಹೆಂಡತಿಯೇ ನಂಬಿರಲಿಲ್ಲ. “ಆ ಏಳು ವಿಕೆಟ್ಟನ್ನ ಉಪ್ಪಿನಕಾಯಿ ಹಾಕ್ಕಂಡು ನೆಕ್ಕು” ಎನ್ನುತ್ತಿದ್ದಳು ಕಾಟಮ್ಮ.

ಇಷ್ಟನ್ನೂ ಅವನು ನುಂಗಿಕೊಳ್ಳುತ್ತಿದ್ದನೇನೋ. ಆದರೆ ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಮುರುಗೇಂದ್ರಪ್ಪನಿಗೆ ಬೆಳ್ಳಿಯ ಚೆಂಡು ಕೊಟ್ಟು ಸನ್ಮಾನವೆಂದು ಗೊತ್ತಾಯಿತು. ಆ ದಿನ ಚಪ್ಪಾಳೆ ಬೀಳುವಾಗ ತಾನು ಶಾಮಿಯಾನದ ಹಗ್ಗ ಹಿಡಿದು ನಿಂತಿರಬೇಕು. ಮುಂದೆ ಯಾರೋ ಆ ಪುಸ್ತಕ ಓದುವ ಹೊತ್ತಿಗೆ ತಾನು ಸತ್ತಿರುತ್ತೇನೆ, ಏಳು ವಿಕೆಟ್ಟು ಮಾತ್ರ ಮುರುಗೇಂದ್ರಪ್ಪನ ಹೆಸರಿನಲ್ಲಿ ಬದುಕಿರುತ್ತವೆ. ಈ ಯೋಚನೆ ಬಂದ ದಿನ ಅವನು ಮುದ್ದೆಯ ತಟ್ಟೆ ಬಿಟ್ಟೆದ್ದ. ಪುಸ್ತಕ ತಿದ್ದಲು ತನ್ನಿಂದ ಆಗದು, ಆ ಚೆಂಡು ಹಿಡಿಯುವ ಕೈಯನ್ನಂತೂ ಇಲ್ಲವಾಗಿಸಬಹುದು ಎಂದುಕೊಂಡ.

ಅಲ್ಲಿಂದ ಮುಂದಕ್ಕೆ ಅವನು ಕೋಪ ಮಾಡಿಕೊಳ್ಳಲಿಲ್ಲ. ಒಳ್ಳೆಯ ಬೌಲರ್ ಓಡಿಬರುವಾಗ ಕೋಪ ಮಾಡಿಕೊಳ್ಳುವುದಿಲ್ಲ.

ಹೆಣ ಎಲ್ಲಿ ಎಂಬುದನ್ನು ಮೊದಲು ತೀರ್ಮಾನಿಸಿದ. ಊರಾಚೆಯ ವರವು ಕಾವಲಿನ ಹುಲ್ಲುಗಾವಲಿನಲ್ಲಿ ಕುರಿಯವರ ಕಣ್ಣಿದೆ, ಈಚೆಗೆ ಬೇಲಿ, ಕಾವಲುಗಾರರು ಬೇರೆ. ಹಾಳು ಬಾವಿಗೆ ಹಾಕಿದರೆ ಹೆಣ ತೇಲುತ್ತದೆ. ಚಳ್ಳಕೆರೆಯಲ್ಲಿ ಯಾರೂ ಗುದ್ದಲಿ ಹಾಕದ ಜಾಗ ಒಂದೇ, ಅದು ಪಿಚ್ಚು. ನಲವತ್ತು ವರ್ಷದಲ್ಲಿ ಬೋರಯ್ಯನ ಗುದ್ದಲಿ ಬಿಟ್ಟು ಇನ್ನೊಂದು ಅಲ್ಲಿ ಬಿದ್ದಿರಲಿಲ್ಲ. ಬೂಟು ಹಾಕಿಕೊಂಡು ಯಾರಾದರೂ ಅಡ್ಡ ದಾಟಿದರೂ ಅವನು ಅಪ್ಪ ಅಮ್ಮನನ್ನು ಸೇರಿಸಿ ಬೈಯುತ್ತಿದ್ದ. ಬೇಸಿಗೆಗೊಮ್ಮೆ ಮೇಲಿನ ಒಂದಡಿ ಮಣ್ಣು ತೆಗೆದು ಕೆರೆಯ ಗೋಡುಮಣ್ಣು ತುಂಬಿ ರೋಲರ್ ಹೊಡೆಯುವುದು ವಾಡಿಕೆ. ಈ ಸಲ ಊರ ಕಡೆಯ ತುದಿಯಲ್ಲಿ ಹೆಗ್ಗಣ ಬಿಲ ತೋಡಿವೆ, ಆಳಕ್ಕೆ ಬಿಚ್ಚಿ ಕಟ್ಟಬೇಕು ಎಂದು ಮೇಷ್ಟ್ರಿಗೆ ಹೇಳಿದ. ಹಬ್ಬದ ವರ್ಷ, ಚೆನ್ನಾಗೇ ಮಾಡು ಎಂದರು ಮೇಷ್ಟ್ರು.

ಆಳುದ್ದ, ಎರಡೂವರೆ ಅಡಿ ಅಗಲ ಇಟ್ಟುಕೊಂಡು ನಾಲ್ಕು ದಿನ ಅಗೆದ. ಮೂರೂವರೆ ಅಡಿಗೆ ಕರಿಮಣ್ಣು ಮುಗಿದು ಗರಸು, ಕಲ್ಲು ಬೆರೆತ ಗಟ್ಟಿ ನೆಲ, ಸಿಕ್ಕಿತು. ಗರಸಿಗೆ ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಇಷ್ಟು ಸಾಕು ಎಂದುಕೊಂಡ. ಬೌಂಡರಿ ಗೆರೆಗೆಂದು ತರಿಸಿದ ಸುಣ್ಣದ ಚೀಲಗಳು ಹೇಗೂ ಇದ್ದವು.

ದಿನ ಭಾನುವಾರ. ತಂಡ, ಮೇಷ್ಟ್ರು, ಎಲ್ಲರೂ ಬೆಳಿಗ್ಗೆ ಟೆಂಪೋದಲ್ಲಿ ಮೊಳಕಾಲ್ಮುರಿಗೆ ಪಂದ್ಯಕ್ಕೆ ಹೋಗುತ್ತಾರೆ. ಮಣ್ಣು ತುಳಿಯಲು ಕೂಲಿಯ ಪಾತಣ್ಣ ಬರುವುದು ನಾಲ್ಕು ಗಂಟೆಗೆ. ಏಪ್ರಿಲ್ ತಿಂಗಳ ಒಂದು ಗಂಟೆಯ ಬಿಸಿಲಿಗೆ ಆ ಕಡೆ ನಾಯಿಯೂ ಸುಳಿಯುವುದಿಲ್ಲ. ಫೋನ್ ಮಾಡಿದರೆ ಪೊಲೀಸರಿಗೆ ನಂಬರ್ ಸಿಗುತ್ತದೆಂದು ಟೀವಿಯಲ್ಲಿ ನೋಡಿ ತಿಳಿದಿದ್ದ. ಹಾಗಾಗಿ ಶನಿವಾರ ತಾನೇ ಮಿಲ್ಲಿಗೆ ಹೋದ.

“ಸಾವ್ಕಾರ್ರೆ, ಪಿಚ್ ಬಿಚ್ಚಿದೀನಿ. ಮುಚ್ಚೋಕ್ ಮುಂಚೆ ನೀವೊಂದ್ಸಲ ನೋಡ್ಬೇಕು. ನಾಳೆ ಹನ್ನೆರಡೂವರೆಗೆ ಬರ್ರಿ.”

ಮುರುಗೇಂದ್ರಪ್ಪ ಮೇಜಿನ ಡ್ರಾಯರು ಮುಚ್ಚಿದ. “ನಾನೇ ಬರ್ಬೇಕು ಅಂತಿದ್ದೆ ಕಣೋ ಬೋರಯ್ಯ. ಬರ್ತೀನಿ.”

ಬಂದ. ಬಿಳಿ ತುಂಬುತೋಳಿನ ಅಂಗಿ, ಬಿಳಿ ಪಂಚೆ, ತಲೆಗೆ ಹೆಲ್ಮೆಟ್ಟು. ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ಕನ್ನಡಿಗೆ ನೇತುಹಾಕಿ, ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೆಳಗೆ ಬಗ್ಗಿದ. “ಗರಸು ಎಷ್ಟಡಿಗೆ ಸಿಕ್ತು?” ಎಂದು ಕೇಳಿದ. ಬೋರಯ್ಯ ಹಿಂದೆ ಬಂದು ನಿಂತ. ಮ್ಯಾಟಿನ ಮೊಳೆ ಹೊಡೆಯುವ ಸುತ್ತಿಗೆ ಕೈಯಲ್ಲಿತ್ತು. ಒಂದು ಏಟಿಗೆ ಮುಗಿಯುತ್ತದೆಂದುಕೊಂಡಿದ್ದ, ಮೂರು ಬೇಕಾದವು. ಮೂರನೆಯದಕ್ಕೆ ಮುಂಚೆ ಮುರುಗೇಂದ್ರಪ್ಪ ತಿರುಗಿ ನೋಡಿದ. ಆ ನೋಟದಲ್ಲಿ ಭಯಕ್ಕಿಂತ ಬೇಸರವಿದ್ದಂತೆ ಕಂಡಿತು. ಅದೊಂದು ಅವನ ಲೆಕ್ಕದಲ್ಲಿರಲಿಲ್ಲ.

ಉಳಿದದ್ದೆಲ್ಲ ಲೆಕ್ಕದಂತೆಯೇ ನಡೆಯಿತು. ಸುಣ್ಣ ಸುರಿದು, ಒಂದಡಿ ಮಣ್ಣು ಎಳೆದು, ಮೈ ತೊಳೆದುಕೊಂಡು, ಮೊದಲೇ ತಂದಿಟ್ಟಿದ್ದ ಬಿಳಿ ಅಂಗಿ ಬಿಳಿ ಪಂಚೆ ಉಟ್ಟ. ಟವೆಲ್ಲನ್ನು ಮುಖಕ್ಕೆ ಸುತ್ತಿ, ಮೇಲೆ ಸತ್ತವನ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಹತ್ತಿದ. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ದಾಕ್ಷಾಯಿಣಿ ನೆರಳಿನಿಂದಲೇ ನಮಸ್ಕಾರ ಮಾಡಿದಳು. ಮುರುಗೇಂದ್ರಪ್ಪ ಮಾಡುವ ಹಾಗೆ ಬೋರಯ್ಯ ತಲೆ ತಗ್ಗಿಸಿದ. ಮೂವತ್ತನಾಲ್ಕು ವರ್ಷದ ಮೇಲೆ ಮತ್ತೆ ಅವನ ಹೆಸರಿನಲ್ಲಿ ಮೈದಾನಕ್ಕೆ ಇಳಿದಂತಾಯಿತು, ಈ ಸಲವೂ ಯಾರೂ ಗುರುತಿಸಲಿಲ್ಲ. ಸ್ಕೂಟರಿಗೆ ಹೆಲ್ಮೆಟ್ ಸಿಕ್ಕಿಸಿ, ಮುಖದ ಟವೆಲ್ ಬಿಚ್ಚದೆ, ಮೊಳಕಾಲ್ಮುರಿನ ಮೇಲೆ ರಾಯದುರ್ಗಕ್ಕೆ ಹೋಗುವ ಬಸ್ಸನ್ನು ಜನರ ನೂಕುನುಗ್ಗಲಿನಲ್ಲಿ ಹಿಂಬಾಗಿಲಿನಿಂದ ಹತ್ತಿ, ಹರಿದ ಸೀಟಿನ ಸಂದಿಗೆ ಸತ್ತವನ ಫೋನ್ ತುರುಕಿ, ಅವಳಿಗೆ ಕಾಣದ ಮುಂಬಾಗಿಲಿನಿಂದ ಇಳಿದ. ಮೂರಕ್ಕೆ ಮುಂಚೆ ನಡೆದುಕೊಂಡೇ ಮೈದಾನಕ್ಕೆ ಬಂದು ಬಟ್ಟೆ ಬದಲಿಸಿ ಮಣ್ಣು ಎಳೆಯತೊಡಗಿದ.

“ಆಗ್ಲೇ ಇಷ್ಟು ತುಂಬೀದೀಯಲ್ಲೋ, ಒಬ್ನೇ?” ಎಂದ ನಾಲ್ಕಕ್ಕೆ ಬಂದ ಪಾತಣ್ಣ.

“ಸುಮ್ನೆ ಕೂತು ಏನ್ ಮಾಡ್ಲಿ. ತುಳಿ ಬಾ.”

ಪಾತಣ್ಣ ಬೀಡಿ ಸೇದುತ್ತಾ ಸಂಜೆಯವರೆಗೂ ತುಳಿದ.

ಪೊಲೀಸರು ಬಂದರು. ಬೋರಯ್ಯ ಸುಳ್ಳನ್ನು ಬೇಕಾದಷ್ಟೇ ಹೇಳಿದ. ಸಾವ್ಕಾರ್ರು ಹನ್ನೆರಡೂವರೆಗೆ ಬಂದಿದ್ರು, ಪಿಚ್ ನೋಡಿದ್ರು, ಮೊಳಕಾಲ್ಮುರಿಗೆ ಮ್ಯಾಚ್ ನೋಡೋಕೆ ಹೋಗ್ತೀನಿ ಅಂದ್ರು. ಬಸ್ ಹತ್ತಿದ್ದನ್ನು ಕಣ್ಣಾರೆ ಕಂಡೆನೆಂದು ದಾಕ್ಷಾಯಿಣಿ ಹೇಳಿದಳು. ಸ್ಕೂಟರ್ ಸ್ಟ್ಯಾಂಡಿನಲ್ಲೇ ಸಿಕ್ಕಿತು. ಫೋನಿಗೆ ಮಾಡಿದರೆ ರಾಯದುರ್ಗದಿಂದ ಯಾವನೋ ಎತ್ತಿ, “ಫೋನು ಬಸ್ಸುಲೋ ದೊರಿಕಿಂದಿ ಸಾರ್, ಮನಿಷಿ ಎವರೋ ತೆಲೀದು” ಎಂದ. ಬಸ್ಸಿನಲ್ಲಿ ಫೋನ್ ಸಿಕ್ಕಿದೆ, ಮನುಷ್ಯ ಗೊತ್ತಿಲ್ಲ. ಅಲ್ಲಿಗೆ ಹುಡುಕಾಟವೆಲ್ಲ ಆಂಧ್ರದ ಕಡೆ ಹೊರಳಿತು. ಬೋರಯ್ಯ ದಿನಾ ಎರಡು ಹೊತ್ತು ನೀರು ಹಾಕಿ, ರೋಲರ್ ಎಳೆದು, ಮ್ಯಾಟ್ ಹಾಸಿ ಮೊಳೆ ಹೊಡೆದ. ಮಣ್ಣು ಒಂದು ಬೆರಳೂ ಕುಸಿಯಲಿಲ್ಲ. ಮೇ ಕೊನೆಯ ಹೊತ್ತಿಗೆ ಅವನಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಸುವರ್ಣ ಮಹೋತ್ಸವದ ಬೆಳಿಗ್ಗೆ ಚಳ್ಳಕೆರೆ, ಮೊಳಕಾಲ್ಮುರಿನ ಹಳೆಯ ಆಟಗಾರರು ಹತ್ತು ಓವರಿನ ಪಂದ್ಯ ಆಡಿದರು. ಪಿಚ್ಚು ಹಿಂದೆಂದೂ ಹೀಗೆ ಆಡಿರಲಿಲ್ಲವೆಂದು ಮೊಳಕಾಲ್ಮುರಿನವರೇ ಹೊಗಳಿದರು. ಬೋರಯ್ಯ ಶಾಮಿಯಾನದ ಕಂಬಕ್ಕೆ ಒರಗಿ, ಬೆಳ್ಳಿಯ ಚೆಂಡಿಲ್ಲದ ವೇದಿಕೆಯನ್ನು ತೃಪ್ತಿಯಿಂದ ನೋಡುತ್ತಿದ್ದ. ಆಗ ಮುರುಗೇಂದ್ರಪ್ಪನ ಮಗಳು ಸೌಂದರ್ಯ ಮೈಕಿನ ಮುಂದೆ ಬಂದಳು.

“ಅಪ್ಪ ಕಾಣೆಯಾಗೋ ಎರಡು ದಿನ ಮುಂಚೆ ಬರೆದಿಟ್ಟ ಕಾಗದ ಹೋದ ವಾರ ಮಿಲ್ಲಿನ ಡ್ರಾಯರಿನಾಗೆ ಸಿಕ್ತು. ಪೊಲೀಸ್ರಿಗೂ ತೋರ್ಸಿದೀವಿ. ಇದನ್ನ ಅಪ್ಪ ಇವತ್ತು ಇಲ್ಲಿ ಹೇಳ್ಬೇಕು ಅಂತಿದ್ರು. ಹೇಳೋ ಧೈರ್ಯ ಬರದೆ ನಾಚಿಕೆಗೆ ಊರು ಬಿಟ್ರೇನೋ ಅಂತ ಎಲ್ರೂ ಅಂತಾರೆ” ಎಂದು ಕಾಗದ ಬಿಚ್ಚಿ ಓದಿದಳು. ‘ಆ ಏಳು ವಿಕೆಟ್ ನನ್ನವಲ್ಲ. ನನ್ನ ಅಂಗಿ ತೊಟ್ಟು ಆಡಿದ ಬೋರಯ್ಯನವು. ಇಷ್ಟು ವರ್ಷ ಅವನ ತಟ್ಟೆಯ ಅನ್ನ ನಾನು ಉಂಡೆ. ಬೆಳ್ಳಿಯ ಚೆಂಡನ್ನು ಅವನ ಕೈಗೇ ಕೊಡತಕ್ಕದ್ದು.’

ಶಾಮಿಯಾನದಡಿ ಜನ ಕತ್ತು ತಿರುಗಿಸಿ ಕಂಬದ ಕಡೆ ನೋಡಿದರು. ಆಮೇಲೆ ಮೊಳಕಾಲ್ಮುರಿನ ಮುದುಕನೊಬ್ಬ ಎದ್ದು, “ಅವತ್ತು ನನ್ನ ಮಧ್ಯದ ಸ್ಟಂಪ್ ಹಾರ್ಸಿದ್ದು ನೀನೇನಪ್ಪ, ಬಾ ಇಲ್ಲಿ” ಎಂದು ಚಪ್ಪಾಳೆ ತಟ್ಟಿದ. ಚಪ್ಪಾಳೆ ಶಾಮಿಯಾನ ತುಂಬಿತು. ಯಾರೋ ಬೋರಯ್ಯನನ್ನು ಕೈ ಹಿಡಿದು ವೇದಿಕೆಗೆ ಹತ್ತಿಸಿದರು. ಸೌಂದರ್ಯ ಅವನ ಕಾಲು ಮುಟ್ಟಿ, “ಅಪ್ಪನ್ನ ಕ್ಷಮಿಸ್ರಿ” ಎಂದಳು. ಕೆಳಗೆ ಹೆಂಗಸರ ಸಾಲಿನಲ್ಲಿ ಕಾಟಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮೇಷ್ಟ್ರು ಚೀಲದಿಂದ ತೆಗೆದುಕೊಟ್ಟ ಬೆಳ್ಳಿಯ ಚೆಂಡು ಕೈಗೆ ಬಂತು. ಬೋರಯ್ಯನಿಗೆ ಅದು ಹೆಣದಷ್ಟು ಭಾರವೆನಿಸಿತು. ಮುರುಗೇಂದ್ರಪ್ಪನೇ ಹೇಳುವವನಿದ್ದ. ನಾನು ಎರಡು ತಿಂಗಳು ತಡೆದಿದ್ದರೆ ಸಾಕಾಗಿತ್ತು.

ಸೌಂದರ್ಯ ಓದುವುದನ್ನು ಇನ್ನೂ ಮುಗಿಸಿರಲಿಲ್ಲ. ‘ನಾರಿನ ಮ್ಯಾಟ್ ಮೇಲೆ ಆಡಿದ್ದು ಸಾಕು. ಬೋರಯ್ಯನ ಹೆಸರಿನಲ್ಲಿ ಹುಲ್ಲಿನ ಪಿಚ್ ಮಾಡಿಸಲು ದಾವಣಗೆರೆಯ ಕಂಟ್ರಾಕ್ಟರಿಗೆ ಪೂರ್ತಿ ಹಣ ಕೊಟ್ಟಿದ್ದೇನೆ. ಸಮಾರಂಭದ ದಿನವೇ ಗುದ್ದಲಿ ಪೂಜೆ.’ ಶಾಮಿಯಾನದ ಹಿಂದೆ, ಬೋರಯ್ಯನಿಗೆ ತಿಳಿಯದಂತೆ ತಂದು ನಿಲ್ಲಿಸಿದ್ದ, ಬಾಳೆಕಂದು ಕಟ್ಟಿಸಿಕೊಂಡ ಜೆಸಿಬಿ ಗುರುಗುಟ್ಟಿತು. ಫೋನು, ಬಸ್ಸು, ಹೆಲ್ಮೆಟ್ಟು, ಸುಣ್ಣ ಎಲ್ಲವನ್ನೂ ಅಳೆದು ತೂಗಿದ್ದ ಬೋರಯ್ಯನಿಗೆ, ಆ ಪಿಚ್ಚಿನ ಮೇಲೆ ಇನ್ನೊಬ್ಬರ ಗುದ್ದಲಿಯೂ ಬೀಳಬಹುದೆಂಬುದು ಹೊಳೆದೇ ಇರಲಿಲ್ಲ. ಕಂಟ್ರಾಕ್ಟರಿನ ಆಳುಗಳು ಆಗಲೇ ಮೊಳೆ ಕಿತ್ತು ಮ್ಯಾಟ್ ಸುತ್ತಿಟ್ಟಿದ್ದರು. ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವು ಸುತ್ತಿದ ಗುದ್ದಲಿಯನ್ನು ಕಂಟ್ರಾಕ್ಟರ್ ಅವನ ಕೈಗಿಟ್ಟ. “ಒಂದೇಟು ಹಾಕ್ರಿ ಯಜಮಾನ್ರೆ, ಉಳಿದಿದ್ದು ಜೆಸಿಬಿ ನೋಡ್ಕಂತೈತೆ. ಬುಡದಾಗೆ ಹಳೇ ಕರಿಮಣ್ಣು ಒಂದು ಹಿಡಿ ಉಳಿದ್ರೂ ಹುಲ್ಲಿನ ಪಿಚ್ಚು ಬಿರುಕು ಬಿಡ್ತೈತೆ, ಗರಸು ಸಿಗೋತನಕ ತೆಗೀಬೇಕು ಅಂತ ಸಾವ್ಕಾರ್ರೇ ಬರೆಸಿಹೋಗ್ಯಾರೆ” ಎಂದ. ಬೋರಯ್ಯ ಗುದ್ದಲಿ ಎತ್ತಲಿಲ್ಲ. ಮೇಷ್ಟ್ರು ಮೈಕಿನಲ್ಲಿ ಅವನ ಹೆಸರನ್ನು ಎರಡನೇ ಸಲ ಕರೆದರು.