ಏಳನೆಯ ತಿಂಗಳ ಗ್ರಹಣ

ಹುಣ್ಣಿಮೆ ಬಂದೊಡನೆ ಮೆಚ್ಚಿನವಳ ಮುಖವನ್ನು ಚಂದ್ರನಿಗೆ ಹೋಲಿಸಿ ಮೊಬೈಲಿನಲ್ಲಿ ಸಂದೇಶ ಕಳಿಸುವ ನೀವು, ಅದೇ ಚಂದ್ರನ ಮೇಲೆ ಹಾದುಹೋದ ಒಂದು ನೆರಳಿನ ಹೊಣೆಯನ್ನು ಬಸುರಿ ಹೆಂಗಸಿನ ತಲೆಗೆ ಕಟ್ಟಿದ್ದು ಯಾವ ನ್ಯಾಯದಿಂದ? ‘ನಾನಲ್ಲ’ ಎಂದು ಅವಸರದಿಂದ ತಲೆ ಅಲ್ಲಾಡಿಸಬೇಡಿ. ಹಾನಗಲ್ಲಿನ ಮಂಜವ್ವನಿಗೆ ಆ ಮಾತು ಹೇಳಿದವರೂ ನಿಮ್ಮಂತೆ ಒಳ್ಳೆಯ ಜನರೇ ಆಗಿದ್ದರು.

ಮಂಜವ್ವ ಏಳು ತಿಂಗಳ ಬಸುರಿಯಾಗಿದ್ದಾಗ ಚಂದ್ರಗ್ರಹಣ ಹಿಡಿಯಿತು. ಅಂಗಡಿಯಿಂದ ಹಸಿದು ಬಂದ ಗಂಡನಿಗಾಗಿ ಆಕೆ ಈಳಿಗೆಯ ಮುಂದೆ ಕುಳಿತು ನಾಲ್ಕು ಬದನೆಕಾಯಿ ಹೆಚ್ಚಿದಳು. ಮುಂದೆ ಹುಟ್ಟಿದ ಮಗಳ ಮೇಲ್ದುಟಿ ಸೀಳಿತ್ತು. ಬಾಣಂತಿಯನ್ನು ನೋಡಲು ಬಂದ ಪ್ರತಿಯೊಬ್ಬಳೂ ಕೇಳಿದ್ದು ಒಂದೇ ಪ್ರಶ್ನೆ: “ಗ್ರಹಣದಾಗ ಏನರ ಕೊಯ್ದಿದ್ದೇನವ್ವಾ?”

ಹುಬ್ಬಳ್ಳಿಯ ವೈದ್ಯರು ಮಗುವಿನ ತುಟಿಯನ್ನು ಹೊಲಿದರು. ತಾಯಿಯ ಮನಸ್ಸನ್ನು ಹೊಲಿಯುವವರು ಸಿಗಲಿಲ್ಲ. ಅಂದಿನಿಂದ ಮಂಜವ್ವ ಈಳಿಗೆ, ಚಾಕು, ಕತ್ತರಿ, ಯಾವುದನ್ನೂ ಮುಟ್ಟಿಲ್ಲ. ಚವಳಿಕಾಯಿಯನ್ನು ಬೆರಳಿನಿಂದ ಮುರಿಯುತ್ತಾಳೆ, ಸೊಪ್ಪನ್ನು ಕೈಯಿಂದ ಹರಿಯುತ್ತಾಳೆ. ಉಳಿದದ್ದನ್ನು ಗಂಡ ಕುಬೇರಪ್ಪ ಬಟ್ಟೆ ಅಂಗಡಿಗೆ ಹೋಗುವ ಮುನ್ನ ಹೆಚ್ಚಿಟ್ಟು ಹೋಗುತ್ತಾನೆ. ಮಗಳು ಅಂಕಿತಾ ದೊಡ್ಡವಳಾಗಿ, ಭೌತಶಾಸ್ತ್ರ ಓದಿ, ಶಿಗ್ಗಾಂವದ ಒಂದು ಕಾಲೇಜಿನಲ್ಲಿ ಉಪನ್ಯಾಸಕಿಯಾದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ರೂಢಿ ಮಾತ್ರ ಅವಳನ್ನು ಬಿಡಲಿಲ್ಲ.

ಆ ಕೈಯನ್ನು ಮೊದಲು ಗಮನಿಸಿದವನು ಮೃತ್ಯುಂಜಯ.

ಚಂದ್ರಯಾನ ಚಂದ್ರನ ನೆಲ ಮುಟ್ಟಿದ ಸಂಜೆಯದು. ಕಾಲೇಜಿನ ಸಭಾಂಗಣದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಇಳಿಯಿತೆಂದು ತಿಳಿದೊಡನೆ ಹುಡುಗರು ಬೆಂಚು ಬಡಿದು ಕುಣಿದರು. ಹೊಸದಾಗಿ ಸೇರಿದ್ದ ಗಣಿತದ ಉಪನ್ಯಾಸಕ ಮೃತ್ಯುಂಜಯ ಪಕ್ಕದ ಕುರ್ಚಿಯಿಂದ ಬಗ್ಗಿ ನೋಡಿದ.

“ಮೇಡಮ್ರ, ಚಂದ್ರನ ಮ್ಯಾಲ ಇಳದ್ರೂ ನೀವು ನಗೂದಿಲ್ಲೇನ್ರಿ?”

“ನಗಾಕತ್ತೇನ್ರಿ.”

“ಕೈ ಹಿಂದ ನಗಾಕತ್ತೀರಿ. ಚಂದ್ರನ ಹಿಂಬದಿ ಇದ್ದಂಗಾತು. ಐತಂತ ಗೊತ್ತು, ಕಾಣೂದಿಲ್ಲ.”

ಅಂಕಿತಾ ಅವನನ್ನು ಓರೆಗಣ್ಣಿನಿಂದ ಅಳೆದಳು. “ಹಿಂಬದಿ ಕಾಣಬೇಕಂದ್ರ ರಾಕೆಟ್ ಬೇಕ್ರಿ, ಸರ್ರ. ಹಾನಗಲ್ ಬಸ್ಸಿನ್ಯಾಗ ಹೋಗಾಕ ಬರೂದಿಲ್ಲ.”

ಅವಳು ದಿನವೂ ಊರಿಗೆ ಮರಳುವ ಹಾನಗಲ್ ಬಸ್ಸನ್ನೇ ಅವನು ಹತ್ತಿದ. ಶಿಗ್ಗಾಂವದಲ್ಲಿ ಬಾಡಿಗೆಗಿದ್ದ ಅವನಿಗೆ ಆ ದಾರಿಯಲ್ಲಿ ಯಾವ ಕೆಲಸವೂ ಇರಲಿಲ್ಲ. ಶನಿವಾರಗಳಂದು ಬಂಕಾಪುರದ ತನಕ ಟಿಕೆಟ್ ತೆಗೆಸಿ, ಅವಳ ಹಿಂದಿನ ಸೀಟಿನಲ್ಲಿ ಕುಳಿತು, ಬಂಕಾಪುರದಲ್ಲಿ ಇಳಿದು ಮರಳುವ ಬಸ್ಸು ಹಿಡಿಯುತ್ತಿದ್ದ.

“ಬಂಕಾಪುರದಾಗ ಯಾರದಾರ್ರಿ ನಿಮಗ?” ಎಂದು ಅವಳು ಒಮ್ಮೆ ಕೇಳಿದಳು.

“ನವಿಲ ಅದಾವಂತ. ನೋಡಾಕ ಬರ್ತೇನಿ.”

“ಕಂಡ್ವೇನು?”

“ಬಸ್ಸಿನ್ಯಾಗನ ಕಂಡ್ನಿ.”

ಅಂಕಿತಾ ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲಿ ತನ್ನ ಮುಖ ನಗುತ್ತಿತ್ತು. ಕೈ ಮಡಿಲಲ್ಲೇ ಇತ್ತು. ಅದನ್ನು ಅವಳು ತಡವಾಗಿ ಅರಿತಳು, ಅರಿತು ಬೆದರಿದಳು.

ತುಟಿಯ ಕಥೆಯನ್ನು ಅವಳು ಅದೇ ಬಸ್ಸಿನಲ್ಲಿ, ಒಂದನ್ನೂ ಬಚ್ಚಿಡದೆ ಹೇಳಿದಳು. ಅವನು ಬಹಳ ಹೊತ್ತು ಆ ಸಣ್ಣ ಗೆರೆಯನ್ನು ನೋಡಿದ.

“ಚಂದ್ರನ ಮಾರಿ ತುಂಬ ಕುಳಿ ಅದಾವ. ಆದ್ರೂ ಮಂದಿ ಹಾಡು ಕಟ್ಟಿದ್ದು ಅದರ ಮ್ಯಾಲನ. ನಿಂದು ಒಂದ ಗೆರಿ.”

“ಹಾಡು ಕಟ್ಟಿದವರು ಯಾರೂ ದುರ್ಬೀನು ಹಚ್ಚಿ ನೋಡಿಲ್ರಿ.”

“ನಾ ಹತ್ರಿಂದನ ನೋಡಾಕತ್ತೇನಿ. ದುರ್ಬೀನು ಬ್ಯಾಡ.”

ಮೊದಲ ಸಲ ಅವನು ‘ನೀನು’ ಎಂದದ್ದು ಅಂದೇ. ಅವಳ ಕಿವಿ ಕೆಂಪಾಯಿತು. ಆದರೂ ಪ್ರಾಮಾಣಿಕಳಾದ ಅವಳು ಉಳಿದ ಮಾತನ್ನೂ ಆಡಿ ಮುಗಿಸಿದಳು: “ನನ್ನ ಹೊಟ್ಟ್ಯಾಗ ಹುಟ್ಟೂ ಕೂಸಿಗೂ ಹಿಂಗ ಆಗೂ ಸಂಭವ ಬ್ಯಾರೆಯವರಿಗಿಂತ ಸ್ವಲ್ಪ ಹೆಚ್ಚೈತಿ ಅಂತ ಡಾಕ್ಟರ್ ಹೇಳ್ಯಾರ. ಆದ್ರ ಹೊಲಿಸಾಕ ಬರತೈತಿ. ಇದಕ್ಕ ಚಂದ್ರನ ಸಂಬಂಧ ಇಲ್ಲ.”

“ನಾ ಲೆಕ್ಕದ ಮಾಸ್ತರ. ಸ್ವಲ್ಪ ಅಂದ್ರ ಎಷ್ಟಂತ ತಿಳೀತೈತಿ. ಅಂಜೂದಿಲ್ಲ.”

“ನಿಮ್ಮ ಅವ್ವ?”

ಮೃತ್ಯುಂಜಯ ಉತ್ತರಿಸುವ ಮೊದಲು ಬಂಕಾಪುರ ಬಂದಿತ್ತು. “ಅವ್ವಗ ನಾ ಹೇಳ್ತೇನಿ” ಎಂದು ಅವನು ಇಳಿದುಹೋದ.

ಅವನು ಹೇಳಿದನೆಂಬುದೇನೋ ನಿಜ. ಏನು ಹೇಳಿದನೆಂಬುದು ಅಂಕಿತಾಳಿಗೆ ಗೊತ್ತಾದದ್ದು ಹೆಣ್ಣು ನೋಡುವ ದಿನ.

ಮಾಸೂರಿನಿಂದ ಅವನ ತಾಯಿ ನಾಗವ್ವ ಬಂದಳು. ಮದಗದ ಕೆರೆಯ ನೀರುಂಡ ಗದ್ದೆಯ ಒಡತಿ, ದೊಡ್ಡ ದನಿಯ, ದೊಡ್ಡ ಮನಸ್ಸಿನ ಹೆಂಗಸು. ಬರುವಾಗ ಸವಣೂರಿನ ಎಲೆ, ಅಡಿಕೆ, ಹೊಸ ಅಡಕತ್ತರಿ ತಂದಿದ್ದಳು. ಅಂಕಿತಾಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

“ಸಣ್ಣಾಕಿ ಇದ್ದಾಗ ಕಟ್ಟಿ ಮ್ಯಾಲಿಂದ ಬಿದ್ದಿದ್ಯಂತಲ್ಲ ತಂಗಿ? ಇರಲಿ ಬಿಡು, ಆಡೂ ಹುಡುಗ್ರು ಬೀಳತಾವ.”

ಅಂಕಿತಾ ಮೃತ್ಯುಂಜಯನತ್ತ ನೋಡಿದಳು. ಅವನ ಕಣ್ಣು ಬೇಡಿಕೊಳ್ಳುತ್ತಿತ್ತು: ಇದೊಂದು ಸಲ ಸುಮ್ಮನಿರು. ಸತ್ಯವನ್ನೇ ಕಲಿಸುವ ವೃತ್ತಿಯವಳು ಅಂದು ಸುಮ್ಮನಾದಳು. ಪ್ರೀತಿ ಮನುಷ್ಯನಿಂದ ಮಾಡಿಸುವ ತಪ್ಪುಗಳಲ್ಲಿ ಇದೇ ಎಲ್ಲಕ್ಕಿಂತ ನಯವಾದದ್ದು, ಆದ್ದರಿಂದಲೇ ಎಲ್ಲಕ್ಕಿಂತ ಕೆಟ್ಟದ್ದು.

ಮಾತು ಕೂಡಿತು. ನಾಗವ್ವ ಸಂತೋಷದಿಂದ ಎಲೆಯ ತಟ್ಟೆಯನ್ನು ಮಂಜವ್ವನ ಮುಂದೆ ಸರಿಸಿ ಅಡಕತ್ತರಿ ಚಾಚಿದಳು.

“ತಗೋರಿ ಬೀಗತಿ. ನಿಮ್ಮ ಕೈಲೆ ಒಂದ ಅಡಕಿ ಕತ್ತರಸ್ರಿ. ಸಂಬಂಧ ಗಟ್ಟಿ ಆಗಲಿ.”

ಮಂಜವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಇತ್ಲಾಗ ಕೊಡ್ರಿ, ನಾ ಕತ್ತರಸ್ತೇನಿ” ಎಂದು ಕುಬೇರಪ್ಪ ಮುಂದೆ ಬಾಗಿದ.

“ಅಯ್ಯ, ಬೀಗರ! ಅಡಕಿ ಹೋಳು ಮಾಡೂದೂ ನಿಮ್ಮ ಪಾಲಿಗೆ ಬಂದೈತೇನ್ರಿ?” ನಾಗವ್ವ ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು. ಆಕೆ ಸೆರಗಿನೊಳಗೆ ಅಡಗಿದ ಕೈಗಳನ್ನು ನೋಡಿದಳು. ಆಮೇಲೆ ಅಂಕಿತಾಳ ತುಟಿಯನ್ನು ನೋಡಿದಳು. ಅಲಗು ಮುಟ್ಟದ ತಾಯಿಯ ಅರ್ಥ ಈ ಸೀಮೆಯಲ್ಲಿ ಹಡೆದ ಹೆಂಗಸಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

“ಎಷ್ಟ ತಿಂಗಳಾಗಿದ್ವು, ಬೀಗತಿ?” ದನಿ ಮೆತ್ತಗಾಗಿತ್ತು.

“ಏಳು” ಎಂದಳು ಮಂಜವ್ವ.

ಆ ಒಂದು ಪ್ರಶ್ನೆಗಾಗಿ ಎಷ್ಟೋ ವರ್ಷಗಳಿಂದ ಕಾದು ಕುಳಿತ ಆರೋಪಿಯಂತೆ ಆಕೆ ತಲೆ ತಗ್ಗಿಸಿದಳು.

ಅಂಕಿತಾಳಿಗೆ ತಡೆಯಲಾಗಲಿಲ್ಲ. “ಅವ್ವಾರ, ತುಟಿ ಕೂಡೂದು ಹೊಟ್ಟ್ಯಾಗ ಎರಡನೇ ತಿಂಗಳದಾಗ್ರಿ. ನಮ್ಮವ್ವ ಬದನೀಕಾಯಿ ಹೆಚ್ಚಿದ್ದು ಏಳನೇ ತಿಂಗಳದಾಗ. ಅಷ್ಟೊತ್ತಿಗೆ ಆಗೂದೆಲ್ಲಾ ಆಗಿ ಹೋಗಿತ್ತು. ಗ್ರಹಣ ಅಂದ್ರ ಭೂಮಿ ನೆರಳ್ರಿ. ನಾವು ನಿಂತ ನೆಲದ್ದ ನೆರಳು. ಅದು ಯಾರ ತುಟಿನೂ ಸೀಳೂದಿಲ್ಲ.”

ನಾಗವ್ವ ತಾಳ್ಮೆಯಿಂದ ಕೇಳಿದಳು. “ನೀ ಶ್ಯಾಣ್ಯಾಕಿ ಅದಿ, ತಂಗಿ. ನೀ ಹೇಳಿದ್ದು ಖರೇನೂ ಇರಬಹುದು. ಹಂಗಾರ ಬಿದ್ದಿದ್ಲು ಅಂತ ಯಾಕ ಸುಳ್ಳು ಹೇಳಿದ್ರಿ? ಅಂಜಿಕಿ ಇಲ್ಲದವರು ಮುಚ್ಚಿ ಇಡ್ತಾರೇನು?”

ಸುಳ್ಳು ಹೇಳಿದವನು ನೆಲ ನೋಡುತ್ತಿದ್ದ. ‘ಹೇಳಿದ್ದು ನಾನು, ಇವರಲ್ಲ’ ಎಂಬ ಮಾತು ಅವನ ಗಂಟಲಿನಲ್ಲಿ ಏರಿದ್ದೂ ಇಳಿದದ್ದೂ ಅಂಕಿತಾಳಿಗೆ ಕಂಡಿತು.

“ಮನ್ಯಾಗ ಮಗಳು ಚೊಚ್ಚಲ ಬಸುರಿ ಅದಾಳ್ರಿ” ಎಂದು ನಾಗವ್ವ ಮಂಜವ್ವನ ಭುಜ ಸವರಿ ಕಣ್ಣೊರೆಸಿಕೊಂಡಳು. “ನಾನೂ ಹಡದಾಕಿ. ನಿಮ್ಮ ಸಂಕಟ ತಿಳೀತೈತಿ. ಈ ಸಂಬಂಧಕ್ಕ ನನಗ ಧೈರ್ಯ ಆಗವಲ್ದು.”

ಬೈದು ಹೋಗಿದ್ದರೆ ಜಗಳವಾಡಬಹುದಿತ್ತು. ಅತ್ತು ಹೋದವರ ಜೊತೆ ಏನು ಮಾಡಲಾಗುತ್ತದೆ?

ಹೋಳಿ ಹುಣ್ಣಿಮೆಯ ಸಂಜೆ. ಅಂದೇ ಗ್ರಹಣವೂ ಇದ್ದುದರಿಂದ ಹಲಗಿ ವಾದ್ಯದ ಸದ್ದು ಅಡಗಿ, ಹಾನಗಲ್ ಬಸ್ಸು ಅರ್ಧ ಖಾಲಿಯಾಗಿತ್ತು. ಬಂಕಾಪುರದಲ್ಲಿ ಮೃತ್ಯುಂಜಯ ನಿಂತಿದ್ದ. ಅವಳು ಇಳಿದಳು. ಮುಂದಿನ ಬಸ್ಸು ಬರುವವರೆಗಿನ ಸಮಯವನ್ನು ಇಬ್ಬರೂ ಬಾಯಿಬಿಟ್ಟು ಹೇಳದೆ ತಮ್ಮದಾಗಿಸಿಕೊಂಡರು.

ಮೂಡಣದಲ್ಲಿ ಚಂದ್ರ ಮೂಡಿದಾಗಲೇ ಅದರ ಒಂದು ಅಂಚು ಕಪ್ಪಾಗಿತ್ತು. ಬೀದಿಯ ಬಾಗಿಲುಗಳೆಲ್ಲ ಆಗಲೇ ಮುಚ್ಚಿದ್ದವು.

“ತಂಗೀನ್ನ ಮಧ್ಯಾಹ್ನದಿಂದ ಖೋಲ್ಯಾಗ ಕುಂಡ್ರಿಸ್ಯಾರ” ಎಂದ ಅವನು. “ನೀರೂ ಕೊಟ್ಟಿಲ್ಲ. ಫೋನಿನ್ಯಾಗ ಅಳಾಕತ್ತಿದ್ಲು.”

“ನೀವು ಏನಂದ್ರಿ?”

ಅವನು ಏನೂ ಅಂದಿರಲಿಲ್ಲ.

“ಅಂಕಿತಾ, ಆಕಿ ಹೆರಿಗೆ ಆಗಲಿ. ಕೂಸು ಚಲೋ ಹುಟ್ಟಿದ್ರ ಅವ್ವನ ಅಂಜಿಕಿ ತಾನ ಹೋಗತೈತಿ. ಅಲ್ಲಿತನಕ ತಡಿ.”

“ಕೂಸು ಚಲೋ ಹುಟ್ಟಿದ್ರ, ‘ಆ ಹುಡುಗೀನ್ನ ಬ್ಯಾಡಂದ್ವಿ, ಅದಕ್ಕ ಉಳಕೊಂಡ್ವಿ’ ಅಂತಾರ. ಏನರ ಕಮ್ಮಿ ಆದ್ರ, ‘ಆ ಮನಿ ನೀರು ಕುಡದ ಬಂದ್ವಿ, ಅದಕ್ಕ’ ಅಂತಾರ. ಸರ್ರ, ನೀವು ಲೆಕ್ಕದ ಮಾಸ್ತರು. ನಾ ಪಾಸಾಗೂ ಲೆಕ್ಕ ಒಂದ ತೋರಿಸ್ರಿ.”

ಅವನು ಅವಳ ಎದುರಿಗೆ ಸರಿದು ನಿಂತ.

“ಹಂಗಾರ ಎಲ್ಲಾ ಬಿಟ್ಟ ಬರ್ತೇನಿ. ನಾಳೆ ರಿಜಿಸ್ಟರ್ ಮಾಡಸೂಣು.”

ಈ ಮಾತಿಗಾಗಿ ಅವಳು ಎಷ್ಟು ಹಂಬಲಿಸಿದ್ದಳೆಂಬುದು ಅದು ಕಿವಿಗೆ ಬಿದ್ದಾಗಲೇ ಅವಳಿಗೆ ತಿಳಿಯಿತು. ಇಡೀ ಮೈ ‘ಹೂಂ’ ಎನ್ನುತ್ತಿತ್ತು. ಬಾಯಿ ಮಾತ್ರ ಒಪ್ಪಲಿಲ್ಲ.

“ನೀವು ಅವ್ವನ್ನ ಬಿಟ್ಟ ಬಂದ್ರ, ಒಂದ ಮನಿ ಒಡೀತಂತ ನಮ್ಮವ್ವ ಅದನ್ನೂ ತನ್ನ ತಲಿ ಮ್ಯಾಲ ಹಾಕ್ಕೋತಾಳ. ಒಂದು ಅಪರಾಧ ಹೊತ್ತಾಳಲ್ಲ, ಸಾಕ್ರಿ.”

“ನನ್ನ ಮ್ಯಾಲ ಸಿಟ್ಟೈತೇನು?”

“ಇತ್ತು. ಈಗ ನೋಡಿದ್ರ ಉಳದಿಲ್ಲ. ಉಳದಿದ್ರ ಹೋಗಾಕ ಸುಲಭ ಆಕ್ಕಿತ್ತು.”

ಅವನ ಕಣ್ಣು ತುಂಬಿತು. “ನಿನ್ನ ಬಿಟ್ರ ನನಗ ಯಾರ ಮ್ಯಾಲನೂ ಮನಸ್ಸಾಗಿಲ್ಲ, ಆಗೂದೂ ಇಲ್ಲ. ನಾ ಏನ ಮಾಡ್ಲಿ, ಹೇಳು.”

“ನನಗೂ ಹಂಗನ್ರಿ” ಎಂದಳು ಅಂಕಿತಾ. ಅಷ್ಟು ಸರಳವಾಗಿ ಅವಳು ಎಂದೂ ಹೇಳಿರಲಿಲ್ಲ. ಅವನ ಅಂಗಿಯ ತೋಳಿಗೆ ಹತ್ತಿದ್ದ ಹೋಳಿಯ ಬಣ್ಣವನ್ನು ಬೆರಳ ತುದಿಯಿಂದ ಮುಟ್ಟಿದಳು. ಅದು ಒರೆಸಿದರೆ ಹೋಗುವ ಬಣ್ಣವಾಗಿರಲಿಲ್ಲ.

“ಒಂದ ಕೆಲಸ ಮಾಡ್ರಿ. ಮದುವಿ ಮಾತಲ್ಲ. ಒಮ್ಮೆ ಹಾನಗಲ್ಲಿಗೆ ಬಂದು ನಮ್ಮವ್ವನ ಮುಂದ ಕುಂತು, ‘ತಪ್ಪ ನಿಮ್ಮದಲ್ರಿ’ ಅಂತ ಹೇಳ್ರಿ. ನಾ ಹೇಳಿದ್ರ ಮಗಳು ಸಮಾಧಾನ ಮಾಡಾಕತ್ತಾಳ ಅಂತಾಳ. ಅಪ್ಪ ಹೇಳಿದ್ರ ಗಂಡ ಕರುಣೆ ತೋರಿಸ್ತಾನ ಅಂತಾಳ. ಹೊರಗಿನವರು ಹಾಕಿದ ಅಪರಾಧ ಅದು, ಹೊರಗಿನವರ ತಗೀಬೇಕು.”

“ಬರ್ತೇನಿ” ಎಂದ ಮೃತ್ಯುಂಜಯ.

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಬಳಿ ಕುಳಿತಾಗ ಚಂದ್ರನ ಮೇಲಿನ ಕಪ್ಪು ಸರಿದು ಹೋಗುವ ಹಂತದಲ್ಲಿತ್ತು. ಬೀದಿಯ ಬಾಗಿಲುಗಳು ಇನ್ನೂ ತೆರೆದಿರಲಿಲ್ಲ. ಅವನು ಕೈ ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಎದೆಯ ಮಟ್ಟದಲ್ಲಿ ಹಿಡಿದುಕೊಂಡು ನಿಂತೇ ಇದ್ದ.

ಆತ ಇನ್ನೂ ಹಾನಗಲ್ಲಿಗೆ ಬಂದಿಲ್ಲ. ಬರುವ ಮನಸ್ಸಿದೆ, ಆದರೆ ಮಾಸೂರಿನ ಮನೆಯಲ್ಲಿ ಹೆರಿಗೆಯ ದಿನಗಳು, ತಾಯಿಯ ಕಣ್ಣೀರು. ಅವನನ್ನು ಬಯ್ಯುವುದು ಸುಲಭ, ಆದ್ದರಿಂದ ಬಯ್ಯುತ್ತ ಕುಳಿತಿರಬೇಡಿ. ನಿಮ್ಮ ಓಣಿಯಲ್ಲೂ ಒಬ್ಬ ಮಂಜವ್ವ ಇದ್ದಾಳೆ. ಆಕೆಯ ಮನೆ ಯಾವುದೆಂದು ನಿಮಗೆ ಗೊತ್ತು, ಯಾಕೆಂದರೆ ಗ್ರಹಣದ ಆ ಪ್ರಶ್ನೆ ಕೇಳಿದವರಲ್ಲಿ ನಿಮ್ಮ ಮನೆಯವರೂ ಇದ್ದರು. ಈ ಪುಟ ಮಡಚಿಟ್ಟು ಇವತ್ತೇ ಎದ್ದು ಹೋಗಿ. ಆಕೆಯ ಎದುರು ಕುಳಿತು, ನಾಲ್ಕು ಜನ ಕೇಳುವಂತೆ ಹೇಳಿ: ತಪ್ಪು ನಿಮ್ಮದಲ್ಲ.