ಭಂಡಾರದಲ್ಲಿಟ್ಟ ಬದನೆಬೀಜ

ಬಹಳ ಹಿಂದೆ, ಏಳು ಕೆರೆಗಳಾಚೆ, ಹಾಲ್ಗೆರೆ ಎಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಬದನೆ. ಒಬ್ಬರದು ಮುಳ್ಳು ಬದನೆ, ಒಬ್ಬರದು ಬಿಳಿ ಬದನೆ, ಇನ್ನೊಬ್ಬರದು ಹಸಿರು ಗೀರಿನ ಗುಂಡು ಬದನೆ. ಮದುವೆಯಾದ ಮಗಳು ತವರಿನ ಬದನೆಬೀಜವನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡೇ ಹೊರಡಬೇಕು. ಬೀಜ ತರದ ಸೊಸೆಗೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ಒಂದು ದಿನ ಕರಾಳಮುಖನೆಂಬ ಮಾಂತ್ರಿಕ ರಾಜನಿಗೆ ಹೊಸ ಬದನೆ ತಂದುಕೊಟ್ಟ. ಮುಳ್ಳಿಲ್ಲ, ಕೊಡದಷ್ಟು ಗಾತ್ರ, ಚಿನ್ನದ ಹೊಳಪು. ರಾಜ ಮರುಳಾದ. ಎಲ್ಲರೂ ಇದನ್ನೇ ಬೆಳೆಯಿರಿ, ಹಳೆಯದನ್ನು ಕಿತ್ತವರಿಗೆ ರೇಷ್ಮೆ ಶಾಲು ಎಂದು ಡಂಗುರ ಸಾರಿಸಿದ. ಜನ ನಾ ಮುಂದೆ ತಾ ಮುಂದೆ ಎಂದು ಕಿತ್ತರು. ತೋಟಗಿತ್ತಿ ಚೌಡವ್ವನೂ ತನ್ನ ಬಿಳಿ ಬದನೆಯನ್ನು ಕಿತ್ತು ಶಾಲು ಹೊದ್ದಳು. ನಾಚಿಕೆ ಬೇಡವೇ ಅಂತೀರಾ? ಯಾರಿಗಿತ್ತು ಹೇಳಿ!

ಮೂರನೆಯ ವರ್ಷ ಆ ಚಿನ್ನದ ಕಾಯಿಯೊಳಗಿಂದ ಆನೆ ಗಾತ್ರದ ಹುಳ ಹೊರಬಂತು. ಅದಕ್ಕೆ ಗೊತ್ತಿದ್ದದ್ದು ಒಂದೇ ರುಚಿ, ರಾಜ್ಯದಲ್ಲಿ ಇದ್ದದ್ದೂ ಅದೊಂದೇ ಗಿಡ. ವಾರದಲ್ಲಿ ತೋಟಗಳೆಲ್ಲ ಬರಿ ಬಯಲಾದವು. ಕಿರೀಟ ಕೊಟ್ಟರೆ ಹುಳವನ್ನು ವಾಪಸು ಕರೆಯುತ್ತೇನೆ ಎಂದ ಮಾಂತ್ರಿಕ. ರಾಜ ತಲೆ ಮೇಲೆ ಕೈ ಹೊತ್ತು ಕೂತ. ಚೌಡವ್ವನಿಗೆ ಕಿರೀಟದ ಚಿಂತೆಯಿರಲಿಲ್ಲ. ಮಗಳು ನಿಂಗಿಯ ಮದುವೆ ಗೊತ್ತಾಗಿತ್ತು, ಗಂಟು ಕಟ್ಟಲು ಮನೆಯಲ್ಲಿ ಒಂದು ಬೀಜವೂ ಇರಲಿಲ್ಲ.

ಮೊದಲು ತವರಿಗೆ ಹೊರಟಳು. ಹೊಳೆಯ ಮೊಸಳೆ ಬೆಳ್ಳಿಯ ಕಾಲುಂಗುರ ಕೇಳಿತು. ಕೊಟ್ಟು ದಾಟಿದಳು. ಹೋಗಿ ನೋಡಿದರೆ ಅಣ್ಣನೂ ಶಾಲು ಹೊದ್ದು ಜಗಲಿಯಲ್ಲಿ ಕೂತಿದ್ದ.

ಆಮೇಲೆ ಅರಮನೆಯ ಭಂಡಾರಕ್ಕೆ ಹೋದಳು. ಹಳೆಯದನ್ನು ಕೀಳಿಸುವ ಮೊದಲು ಪ್ರತಿ ಜಾತಿಯ ಬೀಜವನ್ನೂ ಹಿಡಿಹಿಡಿ ಅಲ್ಲಿ ಇಡಿಸಿದ್ದರಂತೆ. ಕಾವಲಿದ್ದ ಎರಡು ತಲೆಯ ಹಾವು, ನೀನು ಮಾಡಿದ ತಪ್ಪು ಹೇಳು ಎಂದಿತು. ಚೌಡವ್ವ ಶಾಲಿನ ವಿಷಯವನ್ನು ಮುಚ್ಚಿಡದೆ ಹೇಳಿದಳು, ಹಾವು ದಾರಿ ಬಿಟ್ಟಿತು. ಭಂಡಾರಿ ಚಿನ್ನದ ಭರಣಿ ತೆರೆದು ಮೀಸೆ ತಿರುವಿದ.

"ಒಂದು ಕಾಳಿಗೂ ಹುಳ ಬಿದ್ದಿಲ್ಲ ನೋಡವ್ವ. ನಾನೇ ನಿಂತು ಹದವಾಗಿ ಹುರಿಸಿ ಇಟ್ಟಿದ್ದೇನೆ."

ಅಯ್ಯೋ ನಿನ್ನ ಬುದ್ಧಿಗಿಷ್ಟು! ಆದರೂ ಚೌಡವ್ವ ಬಿತ್ತಿದಳು. ಒಂಬತ್ತು ದಿನ ನೀರು ಹೊಯ್ದಳು. ಏನೂ ಹುಟ್ಟಲಿಲ್ಲ. ಅವಳು ಪಾತಿಯ ಬದಿಯಲ್ಲಿ ಕೂತು ಅತ್ತಳು.

ಮೂರನೆಯದಾಗಿ ಕಾಡಿಗೆ ಹೋದಳು. ಅಲ್ಲಿ ಒಂದೇ ಒಂದು ಕಾಡುಬದನೆಯ ಗಿಡ, ಮೈತುಂಬ ಮುಳ್ಳು, ಪಕ್ಕದಲ್ಲಿ ಮುದಿ ಕರಡಿ.

"ವರ್ಷ ವರ್ಷ ನೀನು ಇದನ್ನು ಕಳೆಯೆಂದು ಕೊಚ್ಚುತ್ತಿದ್ದೆ. ಈಗ್ಯಾಕೆ ಬಂದೆ?" ಎಂದಿತು ಕರಡಿ.

"ಬೇರೆ ಏನೂ ಉಳಿಸಿಕೊಂಡಿಲ್ಲ, ಅದಕ್ಕೆ ಬಂದೆ," ಎಂದಳು.

ಕರಡಿ ಒಂದು ಹಣ್ಣು ಕಿತ್ತುಕೊಟ್ಟಿತು. ಬಿತ್ತಿದ ಮೂರೇ ದಿನಕ್ಕೆ ಗಿಡ ಕಾಯಿ ಬಿಟ್ಟಿತು. ಹುಳ ಬಂದು ಒಂದು ಬಾಯಿ ಕಚ್ಚಿತು, ಕಹಿಗೆ ಸೀಳಿ ಎರಡಾಯಿತು. ಮಾಂತ್ರಿಕನ ಪ್ರಾಣ ಅದರಲ್ಲೇ ಇತ್ತು, ಅವನೂ ಬೂದಿಯಾದ. ನಿಂಗಿ ಕಾಡುಬದನೆಯ ಬೀಜ ಕಟ್ಟಿಕೊಂಡು ಗಂಡನ ಮನೆ ಸೇರಿದಳು. ಚಿನ್ನದ ಬದನೆಯ ಒಂದೆರಡು ಗಿಡ ಮತ್ತೆ ಚಿಗುರಿದ್ದವು. ಅವುಗಳ ಹೂವನ್ನು ಕಾಡುಬದನೆಗೆ ಮುಟ್ಟಿಸಿ, ತಲೆಮಾರುಗಟ್ಟಲೆ ಬೆರೆಸಿ, ಜನ ಕಹಿ ತಗ್ಗಿಸಿದರು. ಹಳೆಯ ರುಚಿ ಮಾತ್ರ ಹುಟ್ಟಲಿಲ್ಲ.

ಅದೆಲ್ಲ ಆಮೇಲಿನ ಮಾತು. ಮದುವೆಯ ಮರುವರ್ಷ ಚೊಚ್ಚಲ ಬಸುರಿಯಾಗಿ ತವರಿಗೆ ಬಂದ ನಿಂಗಿಗೆ ಬಿಳಿ ಬದನೆಯ ಬಯಕೆಯಾಯಿತು. "ಅವ್ವಾ, ನನಗೆ ಮರೆತೇ ಹೋಗಿದೆ, ಅದರ ರುಚಿ ಹೆಂಗಿತ್ತು?" ಎಂದು ಕೇಳಿದಳು.

ಚೌಡವ್ವ ಹೇಳಲು ಬಾಯಿ ತೆರೆದಳು. ಎಷ್ಟು ಹೊತ್ತಾದರೂ ನೆನಪಾಗಲಿಲ್ಲ.

"ಉಣ್ಣು ಮಗಳೇ," ಎಂದು ಇದ್ದದ್ದನ್ನೇ ಬಡಿಸಿದಳು.

ಹಾಲ್ಗೆರೆಯವರು ಈಗಲೂ ಸುಖವಾಗಿದ್ದಾರೆ. ಬದನೆ ಪಲ್ಯಕ್ಕೆ ಬೆಲ್ಲ ಜಾಸ್ತಿ ಹಾಕುತ್ತಾರೆ.